ದುಡ್ಡು ಕೊಟ್ಟವನ ಕೊನೆಯ ರೀಲು

ಸಮಾಜವಾದದ ಮಾತೆತ್ತಿದೊಡನೆ ನಮ್ಮ ಎದುರಾಳಿಗಳು ಬೀಸುವ ಹಳೆಯ ದೊಣ್ಣೆಯೊಂದಿದೆ. ಅದು ಜಾರ್ಜ್ ಆರ್ವೆಲ್ಲನ '1984'. "ನಿಮ್ಮ ರಾಜ್ಯ ಬಂದರೆ ಅದೇ ಗತಿ, ಆ ಚಿತ್ರ ನೋಡಿಲ್ಲವೇ?" ಎನ್ನುತ್ತಾರೆ. ಓದಿಲ್ಲವೇ ಎಂದು ಕೇಳುವವರು ಕಡಿಮೆ. ಮುಂದೆ ಕೇಡುಗಾಲ ಬಂದೀತೆಂದು ಎಚ್ಚರಿಸುವ ವಿಜ್ಞಾನ ಕಾದಂಬರಿಗಳು ಹೆಚ್ಚಿನ ಜನರನ್ನು ಮುಟ್ಟುವುದು ತೆರೆಯ ಮೂಲಕವೇ. ಬರೆದವನೊಬ್ಬ, ತೆರೆಗೆ ತಂದವನು ಇನ್ನೊಬ್ಬ. ಇವರಿಬ್ಬರ ನಡುವೆ ಹಣದ ಥೈಲಿ ಹಿಡಿದು ನಿಂತವನು ಮೂರನೆಯವನು. ಈ ಮೂರನೆಯವನ ವಿಚಾರವನ್ನು ವಾಚಕರ ಮುಂದಿಡುವುದು ಅವಶ್ಯವೆಂದು ನಾವು ಭಾವಿಸುತ್ತೇವೆ.

ಆರ್ವೆಲ್ 1903ರಲ್ಲಿ ಬಿಹಾರದ ಮೋತಿಹಾರಿಯಲ್ಲಿ, ಬ್ರಿಟಿಷ್ ಸರ್ಕಾರದ ಅಫೀಮು ಇಲಾಖೆಯ ನೌಕರನ ಮಗನಾಗಿ ಹುಟ್ಟಿದವನು. ಬರ್ಮಾದಲ್ಲಿ ಪೊಲೀಸ್ ಅಧಿಕಾರಿಯಾಗಿದ್ದು, ಸಾಮ್ರಾಜ್ಯದ ಚಾಕರಿಗೆ ಹೇಸಿ ಅದನ್ನು ಬಿಟ್ಟವನು. 1936ರಲ್ಲಿ ಇಂಗ್ಲೆಂಡಿನ ವಿಗನ್ ಪಟ್ಟಣಕ್ಕೆ ಹೋಗಿ ಕಲ್ಲಿದ್ದಲ ಗಣಿಗೆ ಇಳಿದ. ಕೂಲಿಗಾರರ ಸಂಬಳದ ಚೀಟಿ, ಮನೆ ಬಾಡಿಗೆ, ಊಟದ ಖರ್ಚುಗಳನ್ನು ಲೆಕ್ಕಹಾಕಿ ಬರೆದ. 1937ರಲ್ಲಿ ಸ್ಪೇನಿನಲ್ಲಿ ಫ್ರಾಂಕೋವಿನ ಸೇನೆಯ ವಿರುದ್ಧ ಹೋರಾಡುತ್ತ ಗಂಟಲಿಗೆ ಗುಂಡು ತಿಂದ. ಅಲ್ಲಿಯೇ ಸ್ಟಾಲಿನ್‌ನ ಕಡೆಯವರು ತನ್ನ ಸಂಗಾತಿಗಳನ್ನು ಬೇಟೆಯಾಡಿದ್ದನ್ನೂ ಕಂಡ. '1984' ಹೊರಬಿದ್ದದ್ದು 1949ರ ಜೂನಿನಲ್ಲಿ. ಇದು ಸಮಾಜವಾದದ ಮೇಲಿನ ದಾಳಿಯೆಂಬ ಮಾತು ಹಬ್ಬಿದಾಗ ಅವನು ಸುಮ್ಮನಿರಲಿಲ್ಲ. ಅಮೆರಿಕದ ಮೋಟಾರು ಕಾರ್ಖಾನೆ ಕಾರ್ಮಿಕ ಸಂಘದವರೊಬ್ಬರಿಗೆ ಪತ್ರ ಬರೆದು, ತನ್ನ ಪುಸ್ತಕ ಸಮಾಜವಾದಕ್ಕಾಗಲಿ, ತಾನು ಬೆಂಬಲಿಸುವ ಲೇಬರ್ ಪಕ್ಷಕ್ಕಾಗಲಿ ವಿರುದ್ಧವಾದುದಲ್ಲ ಎಂದು ಸ್ಪಷ್ಟಪಡಿಸಿದ. ಮರುವರ್ಷ ಜನವರಿಯಲ್ಲಿ ಕ್ಷಯದಿಂದ ತೀರಿಕೊಂಡ. ಸತ್ತವನ ಬಾಯಿಗೆ ಯಾರು ಬೇಕಾದರೂ ಮಾತು ತುರುಕಬಹುದು.

ತುರುಕಿದರು. ಮೊದಲ ಸರದಿ ಅವನ 'ಅನಿಮಲ್ ಫಾರ್ಮ್'ನದು. ಅದು ವಿಜ್ಞಾನ ಕಾದಂಬರಿಯಲ್ಲ, ಪ್ರಾಣಿಗಳ ನೀತಿಕಥೆ. ಆದರೂ ಕೈಚಳಕದ ಆರಂಭ ಅಲ್ಲಿಯೇ. 1954ರಲ್ಲಿ ಅದು ಕಾರ್ಟೂನು ಚಿತ್ರವಾಯಿತು. ಚಿತ್ರ ಬರೆದವರು ಲಂಡನ್ನಿನ ಕಲಾವಿದರು. ಗುಟ್ಟಾಗಿ ಹಣ ಒದಗಿಸಿದ್ದು ಅಮೆರಿಕದ ಬೇಹುಗಾರಿಕೆ ಸಂಸ್ಥೆ ಸಿ.ಐ.ಎ. ಪುಸ್ತಕದ ಕೊನೆಯಲ್ಲಿ ಕ್ರಾಂತಿಗೆ ದ್ರೋಹ ಬಗೆದ ಹಂದಿಗಳೂ ನೆರೆಯ ಜಮೀನುದಾರರೂ ಒಂದೇ ಮೇಜಿನ ಸುತ್ತ ಕುಳಿತು ಕುಡಿಯುತ್ತಾರೆ. ಕಿಟಕಿಯಿಂದ ಇಣುಕುವ ಬಡ ಪ್ರಾಣಿಗಳಿಗೆ ಹಂದಿ ಯಾವುದು, ಮನುಷ್ಯ ಯಾರು ಎಂಬುದೇ ತಿಳಿಯದು. ಚಿತ್ರದಲ್ಲಿ ಆ ಮೇಜಿನಿಂದ ಮನುಷ್ಯರನ್ನು ಎಬ್ಬಿಸಿ ಕಳುಹಿಸಿಬಿಟ್ಟರು. ಉಳಿದದ್ದು ಹಂದಿಗಳು ಮಾತ್ರ, ಅವುಗಳ ಮೇಲೆ ಪ್ರಾಣಿಗಳ ದಂಗೆ. ಹೊಸ ದೊರೆಯೂ ಹಳೆಯ ಧಣಿಯೂ ಒಂದೇ ಎಂಬ ಮಾತಿನಲ್ಲಿ ಧಣಿಯ ಹೆಸರನ್ನು ಅಳಿಸಿದಂತಾಯಿತು. ಡಬ್ಬಿಯ ಮೇಲೆ ಶೇಂಗಾ ಎಣ್ಣೆಯೆಂದು ಬರೆದು ಒಳಗೆ ಹತ್ತಿಕಾಳಿನ ಎಣ್ಣೆ ತುಂಬಿದರೆ ಏನೆನ್ನಬೇಕೆಂದು ನಮ್ಮ ಅಂಗಡಿಕಾರ ಮಿತ್ರರಿಗೆ ನಾವು ಹೇಳಿಕೊಡಬೇಕಾಗಿಲ್ಲ.

ಎರಡು ವರ್ಷಗಳ ನಂತರ '1984' ಚಿತ್ರವಾಯಿತು. ಈ ಸಲ ಅಮೆರಿಕ ಸರ್ಕಾರದ ಪ್ರಚಾರ ಇಲಾಖೆಯ ಸಹಾಯ. ಕಥಾನಾಯಕ ವಿನ್‌ಸ್ಟನ್ ಸ್ಮಿತ್ ಪುಸ್ತಕದ ಕೊನೆಯಲ್ಲಿ ಚಿತ್ರಹಿಂಸೆಗೆ ಸೋತು, ಮನಸ್ಸು ಮುರಿದು, ತನ್ನನ್ನು ತುಳಿದವನನ್ನೇ ಪ್ರೀತಿಸತೊಡಗುತ್ತಾನೆ. ಚಿತ್ರಕ್ಕೆ ಎರಡು ಕೊನೆಗಳನ್ನು ತೆಗೆದರು. ಒಂದರಲ್ಲಿ ಅವನು ಸೋಲುತ್ತಾನೆ. ಇನ್ನೊಂದರಲ್ಲಿ ಧಿಕ್ಕಾರ ಕೂಗಿ ಗುಂಡಿಗೆ ಬಲಿಯಾಗುತ್ತಾನೆ. ಊರಿಗೊಂದು ಸತ್ಯ! ಈ ವಿನ್‌ಸ್ಟನ್ನನ ನೌಕರಿ ಯಾವುದೆಂಬುದನ್ನು ನೆನೆದರೆ ನಗು ಬರುತ್ತದೆ. ಸರ್ಕಾರಿ ಕಚೇರಿಯಲ್ಲಿ ಕುಳಿತು, ಆಳುವವರಿಗೆ ಅನುಕೂಲವಾಗುವಂತೆ ಹಳೆಯ ಪತ್ರಿಕೆಗಳನ್ನು ತಿದ್ದಿ ಬರೆಯುವುದು.

ಕೊನೆಗಿಂತ ದೊಡ್ಡದನ್ನು ಇನ್ನೊಂದು ಕಡೆ ಕಳೆದಿದ್ದಾರೆ. ಆ ಕಾದಂಬರಿಯ ದೇಶದಲ್ಲಿ ನೂರಕ್ಕೆ 85 ಮಂದಿ ಕೂಲಿಕಾರರು. ಸಿನಿಮಾ, ಚೆಂಡಾಟ, ಬಿಯರು, ಎಲ್ಲಕ್ಕಿಂತ ಹೆಚ್ಚಾಗಿ ಲಾಟರಿ: ಇಷ್ಟು ಕೊಟ್ಟು ಪಕ್ಷ ಅವರನ್ನು ಮಲಗಿಸಿದೆ. ಆ ಲಾಟರಿಯ ದೊಡ್ಡ ಬಹುಮಾನಗಳನ್ನು ಗೆದ್ದವರೆಂದು ಸಾರುವ ಹೆಸರುಗಳೆಲ್ಲ ಹುಟ್ಟೇ ಇಲ್ಲದವರ ಹೆಸರುಗಳು. (ದಿನಾ ಸಂಜೆ ಓಸಿ ಚೀಟಿ ಬರೆಸುವ ನಮ್ಮ ಗೆಳೆಯರು ಆ ಪುಟವನ್ನಾದರೂ ಓದಬೇಕು.) ಆದರೆ ಆಸೆಯೇನಾದರೂ ಇದ್ದರೆ ಅದು ಈ ಜನರಲ್ಲೇ ಎಂಬುದು ವಿನ್‌ಸ್ಟನ್ನನ ನಂಬಿಕೆ, ಅಂಗಳದಲ್ಲಿ ಬಟ್ಟೆ ಒಣಹಾಕುತ್ತ ಹಾಡುವ ದಪ್ಪ ಹೆಂಗಸಿನಲ್ಲಿ ಅವನು ನಾಳೆಯನ್ನು ಕಾಣುತ್ತಾನೆ. ತೆರೆಯ ಮೇಲೆ ಬಹುಮಟ್ಟಿಗೆ ಉಳಿಯುವುದು ಒಬ್ಬ ಗಂಡು, ಒಬ್ಬಳು ಹೆಣ್ಣು, ಒಂದು ಚಿತ್ರಹಿಂಸೆಯ ಕೋಣೆ. 85 ಮಂದಿ ಹಿನ್ನೆಲೆಯ ಗುಂಪಾಗುತ್ತಾರೆ.

ಹಾಗೆಂದು ಪುಸ್ತಕ ರಷ್ಯಕ್ಕೆ ಅನ್ವಯಿಸುವುದಿಲ್ಲವೆಂದು ನಾವು ವಾದಿಸುವುದಿಲ್ಲ. ಅನ್ವಯಿಸುತ್ತದೆ, ಅಲ್ಲಿ ಅದು ದಶಕಗಳ ಕಾಲ ನಿಷೇಧಕ್ಕೆ ಒಳಗಾಗಿದ್ದುದು ಸುಮ್ಮನೆ ಅಲ್ಲ. ಪುಸ್ತಕವನ್ನು ತಡೆದವರೂ ತಿದ್ದಿದವರೂ ಅದಕ್ಕೆ ಹೆದರಿದವರೇ.

1984ರಲ್ಲಿಯೇ ಮೈಕೆಲ್ ರ‍್ಯಾಡ್‌ಫರ್ಡ್ ತೆಗೆದ ಚಿತ್ರ ಮೂಲಕ್ಕೆ ನಿಷ್ಠವಾದದ್ದೆಂದು ಒಪ್ಪಬೇಕು. ಹಿಂಸಕ ಅಧಿಕಾರಿಯ ಪಾತ್ರ ವಹಿಸಿದ ರಿಚರ್ಡ್ ಬರ್ಟನ್ ವೇಲ್ಸಿನ ಗಣಿ ಕಾರ್ಮಿಕನ ಮಗ. ಅದೇ ವರ್ಷ ಮಾರ್ಚಿಯಿಂದ ಬ್ರಿಟನ್ನಿನ ಗಣಿ ಕಾರ್ಮಿಕರು ಮುಷ್ಕರ ಹೂಡಿದ್ದರು. ಬರ್ಟನ್ ಆಗಸ್ಟಿನಲ್ಲಿ ತೀರಿಕೊಂಡಾಗಲೂ ಮುಷ್ಕರ ನಡೆದೇ ಇತ್ತು. ಈ ಚಿತ್ರಕ್ಕೂ ಥೈಲಿಯವನ ಕಾಟ ತಪ್ಪಲಿಲ್ಲ. ನಿರ್ದೇಶಕ ಬೇಡವೆಂದರೂ ಹಣ ಹಾಕಿದ ಕಂಪನಿ ಜನಪ್ರಿಯ ತಂಡವೊಂದರ ಹಾಡುಗಳನ್ನು ತಂದು ಸೇರಿಸಿತು. ಗ್ರಾಮಫೋನು ತಟ್ಟೆ ಮಾರುವ ವ್ಯಾಪಾರವೂ ಆ ಕಂಪನಿಯದೇ.

1982ರ 'ಬ್ಲೇಡ್ ರನ್ನರ್' ಇನ್ನೊಂದು ಬಗೆ. ಫಿಲಿಪ್ ಡಿಕ್ ಎಂಬಾತನ 1968ರ ಕಾದಂಬರಿಯಿಂದ ಹುಟ್ಟಿದ್ದು. ಕಂಪನಿಯೊಂದು ದುಡಿಸಿಕೊಳ್ಳುವುದಕ್ಕಾಗಿಯೇ ಆಳುಗಳನ್ನು ತಯಾರಿಸುತ್ತದೆ. ಅವರಿಗೆ ಕೊಟ್ಟ ಆಯುಸ್ಸು ನಾಲ್ಕೇ ವರ್ಷ. ಅವರಲ್ಲಿ ಕೆಲವರು ತಪ್ಪಿಸಿಕೊಂಡು ಬಂದು, ಇನ್ನಷ್ಟು ಬದುಕು ಕೊಡು ಎಂದು ಮಾಲೀಕನನ್ನೇ ಕೇಳುತ್ತಾರೆ. ಇದಕ್ಕಿಂತ ನ್ಯಾಯವಾದ ಬೇಡಿಕೆ ಯಾವ ಸಂಘ ಮುಂದಿಟ್ಟೀತು? ಮೊದಲು ನೋಡಿದವರಿಗೆ ಚಿತ್ರ ರುಚಿಸಲಿಲ್ಲವೆಂದು ಗಾಬರಿಯಾದ ಬಂಡವಾಳಗಾರರು ಸುಖದ ಕೊನೆಯೊಂದನ್ನು ಅಂಟಿಸಿದರು. ನಾಯಕ ನಾಯಕಿಯರು ಹಸಿರು ಬೆಟ್ಟಗಳ ನಡುವೆ ಮೋಟಾರಿನಲ್ಲಿ ಹೋಗುತ್ತಾರೆ. ಆಕೆಯ ಆಯುಸ್ಸಿಗೆ ಮಿತಿಯೇ ಇಲ್ಲವಂತೆ! ಆ ಬೆಟ್ಟಗಳೂ ಎರವಲು: ಕುಬ್ರಿಕ್ ಎಂಬ ನಿರ್ದೇಶಕನ ಬೇರೊಂದು ಚಿತ್ರದಲ್ಲಿ ಬಳಸದೆ ಉಳಿದಿದ್ದ ತುಣುಕುಗಳು. 1992ರಲ್ಲಿ ಮತ್ತೆ ತೆರೆಕಂಡಾಗ ಅಂಟಿಸಿದ್ದನ್ನು ಕಿತ್ತುಹಾಕಿದರು. ಇದೇ ಕುಬ್ರಿಕ್ 1971ರಲ್ಲಿ ತೆಗೆದ 'ಎ ಕ್ಲಾಕ್‌ವರ್ಕ್ ಆರೆಂಜ್' ಕೂಡ, ಅಮೆರಿಕದ ಪ್ರಕಾಶಕ ಕೊನೆಯ ಅಧ್ಯಾಯವನ್ನೇ ಬಿಟ್ಟು ಅಚ್ಚುಹಾಕಿದ ಪ್ರತಿಯನ್ನು ಅನುಸರಿಸಿತು.

ಇಂದು ಚಿತ್ರಗಳು ಕೈಯಲ್ಲಿರುವ ಫೋನಿಗೇ ಬರುತ್ತವೆ. ಕಳುಹಿಸುವವರು ಬೆರಳೆಣಿಕೆಯ ಕಂಪನಿಗಳು. ಕೊನೆಯಲ್ಲಿ ಓಡುವ ಹೆಸರುಗಳ ಸಾಲಿನಲ್ಲಿ ತಲೆ ಬಾಚಿದವನ ಹೆಸರೂ ಇರುತ್ತದೆ. 'ಅನಿಮಲ್ ಫಾರ್ಮ್'ಗೆ ಹಣ ಹಾಕಿದವರ ಗುಟ್ಟು ಮಾತ್ರ ಹೊರಬಿದ್ದದ್ದು 20 ವರ್ಷಗಳ ನಂತರ, ಅದೇ ಸಂಸ್ಥೆಯ ನಿವೃತ್ತ ಅಧಿಕಾರಿಯ ಆತ್ಮಕಥೆಯಿಂದ.

ನಮ್ಮ ದೇಶದ ಕಾಯಿದೆಯಂತೆ ಲೇಖಕ ತೀರಿದ 60 ವರ್ಷಗಳ ಮೇಲೆ ಅವನ ಬರಹ ಸಾರ್ವಜನಿಕರ ಸೊತ್ತು. ಆರ್ವೆಲ್ಲನ ಪುಸ್ತಕಗಳು 2011ರಿಂದ ಇಲ್ಲಿ ಯಾರಪ್ಪನ ಆಸ್ತಿಯೂ ಅಲ್ಲ. ಅನುವಾದಿಸಬಹುದು, ಅಚ್ಚುಹಾಕಬಹುದು, ಆಡಬಹುದು. ಯಾವ ಕಂಪನಿಯ ಅಪ್ಪಣೆಯೂ ಬೇಕಾಗಿಲ್ಲ. ಗಣೇಶನ ಹಬ್ಬಕ್ಕೆ ಪ್ರತಿವರ್ಷ ನಾಟಕವಾಡುವ ಗಿರಣಿಯ ತರುಣರಿಗೆ ಈ ವರ್ಷ ನಾವು ಸೂಚಿಸುವ ಕಥೆ ಇದು. ಹಂದಿಗಳ ಜೊತೆ ಮನುಷ್ಯರಿಗೂ ಕುರ್ಚಿ ಹಾಕಿರಿ. ಬಟ್ಟೆ ಒಗೆಯುವ ಹೆಂಗಸಿನ ಪಾತ್ರಕ್ಕೆ ಒಳ್ಳೆಯ ಕಂಠದವರನ್ನು ಹುಡುಕಿರಿ.