ನೆಲದೊಳಗಿನ ನಕ್ಷೆ ಯಾರ ಸ್ವತ್ತು?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಕೊಳವೆಬಾವಿ ಕೊರೆಸಲು ಹೊರಟ ರೈತ ಸಾಮಾನ್ಯವಾಗಿ ಇಬ್ಬರ ಮಾತು ಕೇಳುತ್ತಾನೆ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ತೋಟವೆಲ್ಲ ನಡೆದು, ಕಾಯಿ ಎದ್ದು ನಿಂತ ಕಡೆ ನೀರಿದೆ ಎನ್ನುವವರು ಒಬ್ಬರು. ನೆಲಕ್ಕೆ ನಾಲ್ಕು ಗೂಟ ನೆಟ್ಟು, ವಿದ್ಯುತ್ ಹರಿಸಿ, ಮೀಟರ್ ನೋಡಿ ಪಾಯಿಂಟ್ ಗುರುತಿಸುವವರು ಇನ್ನೊಬ್ಬರು. ಮೊದಲನೆಯದು ನಂಬಿಕೆ, ಎರಡನೆಯದು ವಿಜ್ಞಾನ. ಆದರೆ ಎರಡಕ್ಕೂ ಸಮಾನವಾದ ಒಂದು ಅಂಶವಿದೆ. ಬಾವಿ ವಿಫಲವಾದರೆ ನಷ್ಟವೆಲ್ಲ ರೈತನದು. ಆ ವೈಫಲ್ಯದಿಂದ ದೊರೆತ ತಿಳಿವಳಿಕೆ ಮಾತ್ರ ಯಾರಿಗೂ ದಕ್ಕುವುದಿಲ್ಲ. ಮೊದಲ ನಷ್ಟದ ಬಗ್ಗೆ ಸಾಕಷ್ಟು ಚರ್ಚೆಯಾಗಿದೆ. ಎರಡನೆಯದರ ಬಗ್ಗೆ ನಾವು ಯೋಚಿಸಿದ್ದು ಕಡಿಮೆ.

ಇದೇ ಸೀಮೆಯ ನೆಲದೊಳಗನ್ನು ಸಾರ್ವಜನಿಕ ಹಣದಲ್ಲಿ ಅಳೆದು ನಕ್ಷೆ ಮಾಡಿರುವ ಸಂಗತಿ ಬಹಳ ಜನಕ್ಕೆ ತಿಳಿದಿಲ್ಲ. ಕಳೆದ ದಶಕದ ಮೊದಲರ್ಧದಲ್ಲಿ ಕೇಂದ್ರ ಅಂತರ್ಜಲ ಮಂಡಳಿ ದೇಶದ ಆರು ಕಡೆ ಪ್ರಾಯೋಗಿಕವಾಗಿ ಜಲಧರಗಳ ನಕ್ಷೆ ತಯಾರಿಸಿತು. ರಾಜಸ್ಥಾನದ ಜೈಸಲ್ಮೇರ್ ಮತ್ತು ದೌಸಾ, ಬಿಹಾರದ ಪಟ್ನಾ, ಮಹಾರಾಷ್ಟ್ರದ ನಾಗಪುರ, ತಮಿಳುನಾಡಿನ ಕಡಲೂರುಗಳೊಂದಿಗೆ ಆಯ್ಕೆಯಾದ ಆರನೆಯ ಪ್ರದೇಶ ನಮ್ಮ ತುಮಕೂರು ಜಿಲ್ಲೆಯ ಅಂಕಸಂದ್ರ ಜಲಾನಯನ. ತಿಪಟೂರು ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಿಗೆ ಸೇರಿದ ಸುಮಾರು 375 ಚದರ ಕಿಲೋಮೀಟರ್ ನೆಲವದು. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯು ಡೆನ್ಮಾರ್ಕಿನ ಆರ್‌ಹುಸ್ ವಿಶ್ವವಿದ್ಯಾಲಯದ ಸಹಯೋಗದಲ್ಲಿ ಇಲ್ಲಿ ಹೆಲಿಕಾಪ್ಟರ್ ಮೂಲಕ ವಿದ್ಯುತ್ಕಾಂತೀಯ ಸಮೀಕ್ಷೆ ನಡೆಸಿತು.

ಈ ವಿಧಾನದ ತತ್ತ್ವ ಸರಳ. ಹೆಲಿಕಾಪ್ಟರಿನ ಕೆಳಗೆ ತೂಗುವ ದೊಡ್ಡ ತಂತಿಯ ಬಳೆಯಲ್ಲಿ ವಿದ್ಯುತ್ ಹರಿಸಿ ಥಟ್ಟನೆ ನಿಲ್ಲಿಸುತ್ತಾರೆ. ಆ ಕ್ಷಣದಲ್ಲಿ ನೆಲದೊಳಗೆ ಸಣ್ಣ ವಿದ್ಯುತ್ ಸುಳಿಗಳು ಹುಟ್ಟಿ, ಆಳಕ್ಕೆ ಹರಡುತ್ತ ಕ್ಷೀಣಿಸುತ್ತವೆ. ಗಟ್ಟಿಬಂಡೆಯಲ್ಲಿ ಅವು ಬೇಗ ಅಳಿಯುತ್ತವೆ. ನೀರು ತುಂಬಿದ ಮೆದುಗಲ್ಲಿನಲ್ಲಿ ನಿಧಾನವಾಗಿ. ಈ ವ್ಯತ್ಯಾಸವನ್ನು ಅಳೆದರೆ ಎಲ್ಲಿ ಶಿಥಿಲ ಶಿಲೆ ಎಷ್ಟು ದಪ್ಪವಿದೆ, ಬಂಡೆ ಎಲ್ಲಿಂದ ಆರಂಭವಾಗುತ್ತದೆ ಎಂಬ ಚಿತ್ರ ದೊರೆಯುತ್ತದೆ. ಗೂಟ ನೆಟ್ಟು ಮಾಡುವ ಪರೀಕ್ಷೆ ತಿಂಗಳುಗಟ್ಟಲೆ ಮಾಡಬೇಕಾದ ಕೆಲಸವನ್ನು ಇದು ಕೆಲವೇ ದಿನಗಳಲ್ಲಿ ಮುಗಿಸುತ್ತದೆ.

ಈ ವಿದ್ಯೆ ಬೆಳೆದದ್ದು ನೀರಿಗಾಗಿ ಅಲ್ಲ, ಅದಿರು ಮತ್ತು ತೈಲಕ್ಕಾಗಿ. ಫ್ರಾನ್ಸಿನ ಕಾನ್ರಾಡ್ ಶ್ಲುಂಬರ್ಜೆ 1912ರ ಸುಮಾರಿಗೆ ನೆಲಕ್ಕೆ ವಿದ್ಯುತ್ ಹರಿಸಿ ಒಳಗಿನ ಶಿಲೆಯನ್ನು ಅರಿಯುವ ಪ್ರಯೋಗ ಆರಂಭಿಸಿದ. 1927ರಲ್ಲಿ ಆತನ ಬಳಗ ಪೆಶೆಲ್‌ಬ್ರಾನ್ ತೈಲಕ್ಷೇತ್ರದ ಬಾವಿಯೊಂದರೊಳಗೇ ಇಂಥ ಅಳತೆ ಮಾಡಿತು. 2000ನೇ ಇಸವಿಯಲ್ಲಿ ಅಂಗೋಲಾದ ಆಳ ಸಮುದ್ರದಲ್ಲಿ, ಕಡಲ ತಳದ ಕೆಳಗಿನ ತೈಲಸ್ತರವನ್ನು ವಿದ್ಯುತ್ಕಾಂತೀಯ ಅಲೆಗಳಿಂದ ಗುರುತಿಸುವ ಪರೀಕ್ಷೆ ನಡೆಯಿತು. ಉಪ್ಪುನೀರು ವಿದ್ಯುತ್ತಿಗೆ ದಾರಿ ಕೊಡುತ್ತದೆ, ತೈಲ ಮತ್ತು ಅನಿಲ ತಡೆಯುತ್ತವೆ ಎಂಬುದೇ ಅಲ್ಲಿನ ಆಧಾರ. 250 ಕೋಟಿ ವರ್ಷಗಳಿಗೂ ಹಳೆಯದಾದ ನಮ್ಮ ನೆಲದ ಬಂಡೆಯಲ್ಲಿ ತೈಲ ಸಿಗುವ ಮಾತಿಲ್ಲ. ಆದರೆ ತೈಲೋದ್ಯಮದಿಂದ ನಾವು ಉಪಕರಣವನ್ನು ಪಡೆದೆವೇ ಹೊರತು, ಅದು ಕಷ್ಟಪಟ್ಟು ಕಲಿತ ಪಾಠವನ್ನು ಪಡೆಯಲಿಲ್ಲ.

ಆ ಪಾಠ ಅಮೆರಿಕದ ಟೆಕ್ಸಾಸಿನದು. 1930ರ ಅಕ್ಟೋಬರ್‌ನಲ್ಲಿ ಪೂರ್ವ ಟೆಕ್ಸಾಸಿನಲ್ಲಿ ಭಾರಿ ತೈಲಕ್ಷೇತ್ರ ಪತ್ತೆಯಾಯಿತು. ತನ್ನ ಜಮೀನಿನ ಬಾವಿಯಿಂದ ಮೇಲೆತ್ತಿದ್ದೆಲ್ಲ ತನ್ನದು ಎಂಬುದು ಅಲ್ಲಿನ ನ್ಯಾಯ. ನೆಲದಡಿಯ ತೈಲ ಬೇಲಿಗಳನ್ನು ಲೆಕ್ಕಿಸದ ಕಾರಣ, ಪಕ್ಕದವನು ಎಳೆಯುವ ಮೊದಲು ತಾನು ಎಳೆಯಬೇಕೆಂದು ಎಲ್ಲರೂ ಕೊರೆದರು. ತೈಲದ ಬೆಲೆ ಪೀಪಾಯಿಗೆ ಕೆಲವು ಸೆಂಟುಗಳಿಗೆ ಕುಸಿಯಿತು, ಕ್ಷೇತ್ರದ ಒತ್ತಡ ಇಳಿಯತೊಡಗಿತು. 1931ರ ಆಗಸ್ಟ್‌ನಲ್ಲಿ ರಾಜ್ಯಪಾಲ ರಾಸ್ ಸ್ಟರ್ಲಿಂಗ್ ಬಾವಿಗಳನ್ನು ಮುಚ್ಚಿಸಲು ಸೈನಿಕರನ್ನೇ ಕಳಿಸಬೇಕಾಯಿತು. ಯಾವ ಬಾವಿಯಿಂದ ಎಷ್ಟು ತೆಗೆಯಬೇಕು ಎಂಬ ನಿಯಮವನ್ನು ತೈಲೋದ್ಯಮ ಒಪ್ಪಿಕೊಂಡದ್ದು ಈ ಅನುಭವದ ನಂತರ.

ನಮ್ಮ ತೆಂಗಿನ ಸೀಮೆಯಲ್ಲಿ ನಡೆಯುತ್ತಿರುವುದು ಇದಕ್ಕಿಂತ ಬೇರೆಯೇನಲ್ಲ. 1882ರ ಈಸ್‌ಮೆಂಟ್ ಕಾಯ್ದೆಯ ಕಾಲದಿಂದಲೂ ಭೂಮಿಯ ಒಡೆಯನೇ ಅದರಡಿಯ ನೀರನ್ನು ಎತ್ತುವ ಹಕ್ಕುಳ್ಳವನು. 10 ಅಶ್ವಶಕ್ತಿವರೆಗಿನ ಪಂಪ್‌ಸೆಟ್‌ಗಳಿಗೆ ವಿದ್ಯುತ್ ಉಚಿತ. ನೀರಿಗೆ ಬೆಲೆಯಿಲ್ಲದ ಕಡೆ ಉಳಿಯುವ ಒಂದೇ ಖರ್ಚು ಕೊರೆಯುವುದು. ಹೀಗಾಗಿ ಪಕ್ಕದ ತೋಟದವನಿಗಿಂತ ನೂರು ಅಡಿ ಹೆಚ್ಚು ಇಳಿಯುವುದೇ ಇಲ್ಲಿನ ನೀರಾವರಿ ನೀತಿಯಾಗಿದೆ. ರಾಗಿ ಬೆಳೆಯುವವನು ಒಂದು ವರ್ಷ ಹೊಲವನ್ನು ಬೀಳುಬಿಡಬಹುದು. ಆರೇಳು ವರ್ಷ ಸಾಕಿ ಫಲಕ್ಕೆ ತಂದ ತೆಂಗಿನ ಮರವನ್ನು ಬಿಡಲಾಗದು. ಮರ ಒಣಗಿದರೆ ಹೋಗುವುದು ಒಂದು ಬೆಳೆಯಲ್ಲ, ಒಂದು ತಲೆಮಾರಿನ ಬಂಡವಾಳ. ಕೊಬ್ಬರಿಯ ಬೆಂಬಲ ಬೆಲೆಗಾಗಿ ನಡೆಯುವ ಹೋರಾಟಗಳು ನ್ಯಾಯಯುತವೇ. ಆದರೆ ಬಾವಿ ಬತ್ತಿದ ತೋಟಕ್ಕೆ ಯಾವ ಬೆಂಬಲ ಬೆಲೆಯೂ ತಲುಪದು.

ಮಾಹಿತಿಯ ವಿಷಯದಲ್ಲಿ ಎರಡರ ನಡುವಿನ ಅಂತರ ಇನ್ನೂ ಸ್ಪಷ್ಟ. ನಮ್ಮ ದೇಶದಲ್ಲಿ ತೈಲಕ್ಕಾಗಿ ಬಾವಿ ಕೊರೆಯುವ ಕಂಪನಿಯು ಅಲ್ಲಿ ದೊರೆತ ಭೂವೈಜ್ಞಾನಿಕ ವಿವರಗಳನ್ನು ಸರ್ಕಾರಕ್ಕೆ ಒಪ್ಪಿಸಬೇಕೆಂಬುದು 1959ರ ಪೆಟ್ರೋಲಿಯಂ ನಿಯಮಗಳ ಕಾಲದಿಂದಲೂ ಇರುವ ಕಟ್ಟುಪಾಡು. ತೈಲ ಸಿಗದ ಬಾವಿಯ ದಾಖಲೆಗೂ ಅಲ್ಲಿ ಬೆಲೆಯಿದೆ. ಮುಂದೆ ಎಲ್ಲಿ ಕೊರೆಯಬಾರದೆಂದು ಅದು ಹೇಳುತ್ತದೆ. ನೀರಿನ ಬಾವಿಯ ಕಥೆ ಹಾಗಲ್ಲ. ಸೇವೆಯಲ್ಲಿದ್ದಾಗ ಬರಗಾಲದ ಕೊಳವೆಬಾವಿಗಳ ಕಡತಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಎಷ್ಟು ಅಡಿ ಕೊರೆಯಲಾಯಿತು, ಎಷ್ಟು ಅಡಿ ಕೇಸಿಂಗ್ ಪೈಪ್ ಇಳಿಸಲಾಯಿತು, ಬಿಲ್ಲಿನ ಮೊತ್ತವೆಷ್ಟು ಎಂಬುದೆಲ್ಲ ಅವುಗಳಲ್ಲಿತ್ತು. ಕೇಸಿಂಗ್ ಇಳಿಸುವುದು ಗಟ್ಟಿಬಂಡೆ ಸಿಗುವವರೆಗೆ. ಅಂದಮೇಲೆ ಪ್ರತಿಯೊಂದು ಬಿಲ್ಲೂ ಆ ಜಾಗದ ಶಿಥಿಲ ಶಿಲೆಯ ದಪ್ಪವನ್ನು ತಿಳಿಸುವ ವೈಜ್ಞಾನಿಕ ದಾಖಲೆಯೇ. ಹಣ ಪಾವತಿಯಾದೊಡನೆ ಆ ದಾಖಲೆ ಕಡತದೊಂದಿಗೆ ಕಪಾಟು ಸೇರುತ್ತಿತ್ತು. ಖಾಸಗಿ ಬಾವಿಗಳ ವಿಷಯದಲ್ಲಿ ಅಷ್ಟೂ ಇಲ್ಲ. ರಿಗ್ ಲಾರಿ ಊರು ಬಿಟ್ಟಾಗ ತಿಳಿವಳಿಕೆಯೂ ಊರು ಬಿಡುತ್ತದೆ.

ಸಮೀಕ್ಷೆಗೆ ಹಣವೆಲ್ಲಿದೆ ಎಂಬ ಪ್ರಶ್ನೆ ಏಳಬಹುದು. ವಾಯವ್ಯ ಭಾರತದ ಒಣಪ್ರದೇಶಗಳಲ್ಲಿ ಸುಮಾರು 1.5 ಲಕ್ಷ ಚದರ ಕಿಲೋಮೀಟರ್ ವ್ಯಾಪ್ತಿಯ ಹೆಲಿಕಾಪ್ಟರ್ ಸಮೀಕ್ಷೆಗೆ 2021ರಲ್ಲಿ ಚಾಲನೆ ನೀಡಿದಾಗ ಪ್ರಕಟವಾದ ವೆಚ್ಚ 141 ಕೋಟಿ ರೂಪಾಯಿ. ಅಂದರೆ ಚದರ ಕಿಲೋಮೀಟರಿಗೆ ಹತ್ತು ಸಾವಿರ ರೂಪಾಯಿಗಿಂತ ಕಡಿಮೆ. ಸಾವಿರ ಅಡಿಯ ಒಂದೇ ಒಂದು ವಿಫಲ ಕೊಳವೆಬಾವಿಯ ಖರ್ಚು ಇದರ ಹತ್ತು ಪಟ್ಟನ್ನಾದರೂ ಮೀರುತ್ತದೆ.

ಹಾಗೆಂದು ಉಪಕರಣವನ್ನೇ ದೇವರೆಂದು ನಂಬುವುದೂ ತರವಲ್ಲ. ಎಂಟುನೂರು ಅಡಿ ಆಳದ ಬಂಡೆಯಲ್ಲಿರುವ ಬೆರಳಗಲದ ಬಿರುಕನ್ನು ಮೇಲಿನಿಂದ ಯಾವ ಯಂತ್ರವೂ ನಿಖರವಾಗಿ ತೋರಿಸಲಾರದು. ಜೇಡಿಮಣ್ಣು, ಲೋಹಾಂಶವಿರುವ ಶಿಲೆಗಳೂ ವಿದ್ಯುತ್ತಿಗೆ ದಾರಿ ಕೊಡುತ್ತವೆ. ಕಬ್ಬಿಣ, ಮ್ಯಾಂಗನೀಸ್ ಅದಿರಿನ ಚಿಕ್ಕನಾಯಕನಹಳ್ಳಿಯ ಗುಡ್ಡಸಾಲಿನಲ್ಲಿ ಮೀಟರಿನ ಮುಳ್ಳು ಅದಿರಿಗೂ ನೀರಿಗೂ ವ್ಯತ್ಯಾಸ ಹೇಳದೆಹೋಗಬಹುದು. ಇನ್ನೂ ಮುಖ್ಯವಾಗಿ, ಹುಡುಕುವ ವಿದ್ಯೆ ಚುರುಕಾದಷ್ಟೂ ಬರಿದು ಮಾಡುವ ವೇಗವೂ ಹೆಚ್ಚುತ್ತದೆ. ಈ ನಕ್ಷೆ ಕೇವಲ ಪಾಯಿಂಟ್ ಗುರುತಿಸುವವರ ಕೈಸೇರಿದರೆ ಟೆಕ್ಸಾಸಿನ ಸ್ಪರ್ಧೆ ನಮ್ಮಲ್ಲಿ ಇನ್ನಷ್ಟು ತೀವ್ರವಾಗುತ್ತದೆ, ಅಷ್ಟೆ. ಅದರ ನಿಜವಾದ ಉಪಯೋಗ ಬೇರೆಯೇ ಇದೆ. ಮಳೆನೀರನ್ನು ಹಿಡಿದಿಟ್ಟುಕೊಳ್ಳಬಲ್ಲ ಮೆದುಗಲ್ಲು ಎಲ್ಲಿ ದಪ್ಪವಾಗಿದೆ, ಯಾವ ಕೆರೆಯ ಹೂಳೆತ್ತಿದರೆ ನೀರು ಇಂಗುತ್ತದೆ, ಯಾವ ಹಳ್ಳದ ಚೆಕ್‌ಡ್ಯಾಂ ಬಂಡೆಯ ಮೇಲೆ ವ್ಯರ್ಥವಾಗುತ್ತದೆ ಎಂಬುದನ್ನು ಅದು ಹೇಳಬಲ್ಲದು. ತೈಲ ಕಂಪನಿಗಳು ಒಮ್ಮೆ ಅಳೆದು ಸುಮ್ಮನಾಗುವುದಿಲ್ಲ, ಉಳಿದದ್ದೆಷ್ಟು ಎಂದು ಮತ್ತೆ ಮತ್ತೆ ಅಳೆಯುತ್ತವೆ. ನಾವು ಹಾಗೆ ಅಳೆಯುವ ಅಭ್ಯಾಸ ಮಾಡಿಕೊಂಡಿಲ್ಲ.

ಇದಕ್ಕೆ ಹೊಸ ಇಲಾಖೆ ಬೇಕಾಗಿಲ್ಲ. ಕರ್ನಾಟಕದ 2011ರ ಅಂತರ್ಜಲ ಕಾಯ್ದೆಯಲ್ಲಿ ಅಧಿಸೂಚಿತ ಪ್ರದೇಶಗಳಲ್ಲಿ ಬಾವಿ ಕೊರೆಯಲು ಅನುಮತಿ ಪಡೆಯುವ ನಿಯಮವಿದೆ. ವಿಫಲ ಬಾವಿಗಳನ್ನು ಮುಚ್ಚದವರನ್ನು ಶಿಕ್ಷಿಸಲು 2024ರಲ್ಲಿ ಅದಕ್ಕೆ ತಿದ್ದುಪಡಿಯೂ ಆಯಿತು. ಬಾವಿ ಮುಚ್ಚಿದ್ದಕ್ಕೆ ಲೆಕ್ಕ ಕೇಳುವ ಸರ್ಕಾರ, ಅದರಲ್ಲಿ ಕಂಡದ್ದೇನು ಎಂಬುದಕ್ಕೂ ಲೆಕ್ಕ ಕೇಳಲಿ. ಕೇಸಿಂಗ್ ಎಷ್ಟು ಅಡಿ, ಯಾವ ಆಳದಲ್ಲಿ ಪುಡಿಯ ಬಣ್ಣ ಬದಲಾಯಿತು, ನೀರು ಎಲ್ಲಿ ಬಂತು, ಎಷ್ಟು ಬಂತು ಎಂಬ ಒಂದು ಪುಟದ ವಿವರವನ್ನು ರಿಗ್ ಮಾಲೀಕರು ಪಂಚಾಯಿತಿಗೆ ಸಲ್ಲಿಸುವುದು ಕಡ್ಡಾಯವಾಗಲಿ. 2019ರಲ್ಲಿ ಆರಂಭವಾದ ಅಟಲ್ ಭೂಜಲ ಯೋಜನೆ ಕರ್ನಾಟಕವೂ ಸೇರಿದಂತೆ ಏಳು ರಾಜ್ಯಗಳಲ್ಲಿ ಊರಿನ ನೀರಿನ ಆಯವ್ಯಯ ಬರೆಯುವ ಕ್ರಮವನ್ನು ಪರಿಚಯಿಸಿದೆ. ಆ ಲೆಕ್ಕಕ್ಕೆ ಈ ವಿವರವೇ ಆಧಾರವಾಗಲಿ. ಅಂಕಸಂದ್ರದ ನಕ್ಷೆ ಇಂಗ್ಲಿಷಿನಲ್ಲಿ, ತಜ್ಞರ ಪರಿಭಾಷೆಯಲ್ಲಿದೆ. ಅದನ್ನು ಕನ್ನಡದಲ್ಲಿ, ಗ್ರಾಮವಾರು, ಸರ್ವೆ ನಂಬರಿನ ಸಮೇತ ಪಂಚಾಯಿತಿಯ ಗೋಡೆಗೆ ತರುವುದು ಕಷ್ಟದ ಕೆಲಸವಲ್ಲ. ತುರುವೇಕೆರೆಯೂ ಸೇರಿದಂತೆ ಉಳಿದ ನೆಲಕ್ಕೆ ಇಂಥ ಸಮೀಕ್ಷೆಯನ್ನು ವಿಸ್ತರಿಸುವುದು ಮುಂದಿನ ಹೆಜ್ಜೆ.

ನೀರು ಸರ್ವೆ ಕಲ್ಲುಗಳನ್ನು ನೋಡಿ ಹರಿಯುವುದಿಲ್ಲ. ಒಂದೇ ಮಡಕೆಗೆ ನೂರು ಕೈ ಹಾಕುವವರು ಮಡಕೆಯಲ್ಲಿ ಉಳಿದದ್ದೆಷ್ಟು ಎಂಬುದನ್ನಾದರೂ ಒಟ್ಟಿಗೆ ತಿಳಿದಿರಬೇಕು. ಹಂಚಿಕೆಯ ಮಾತು ಆರಂಭವಾಗಬೇಕಾದದ್ದು ಅಲ್ಲಿಂದ.