ಮಕ್ಕಳೊಂದಿಗೆ ಜಾತಿಯ ಮಾತು, ಬಣ್ಣದ ಮಾತು



ವರದಕ್ಷಿಣೆಯ ವಿರುದ್ಧ ದನಿಯೆತ್ತುವ ಈ ಪುಟಗಳಲ್ಲಿ ಜಾತಿ, ಬಣ್ಣದ ಮಾತೇಕೆ ಎಂದು ಕೆಲವರು ಕೇಳಬಹುದು. ಹೆಣ್ಣುಮಗು ಹುಟ್ಟಿದಾಗ ತೊಟ್ಟಿಲ ಸುತ್ತ ನಿಂತವರು ಆಡುವ ಮಾತನ್ನು ನೆನಪಿಸಿಕೊಳ್ಳಿ. "ಬಣ್ಣ ಸ್ವಲ್ಪ ಕಡಿಮೆ, ಮುಂದೆ ಅಪ್ಪನಿಗೆ ಕಷ್ಟ." ಕಪ್ಪು ಹುಡುಗಿಗೆ ಇನ್ನಷ್ಟು ಬಂಗಾರ, ಇನ್ನಷ್ಟು ನಗದು ಎಂಬ ಲೆಕ್ಕ ಶುರುವಾಗುವುದು ಅಲ್ಲಿಂದಲೇ. ಮನುಷ್ಯರನ್ನು ಹುಟ್ಟಿನಿಂದ ತೂಗುವ ತಕ್ಕಡಿ ಒಂದೇ. ಅದರಲ್ಲಿ ಒಮ್ಮೆ ಜಾತಿಯನ್ನಿಡುತ್ತೇವೆ, ಒಮ್ಮೆ ಬಣ್ಣವನ್ನು, ಒಮ್ಮೆ ಹೆಣ್ಣುತನವನ್ನು.

"ಮಕ್ಕಳಿಗೇನು ಗೊತ್ತಾಗುತ್ತದೆ? ಸುಮ್ಮನೆ ಅವರ ತಲೆಗೆ ಯಾಕೆ ತುಂಬಬೇಕು?" ಎನ್ನುವ ತಾಯಂದಿರಿದ್ದಾರೆ. ಆದರೆ ಮಕ್ಕಳು ಕಣ್ಣು ಮುಚ್ಚಿಕೊಂಡು ಬೆಳೆಯುವುದಿಲ್ಲ. ಹಿತ್ತಲ ಗೋಡೆಯ ಮೇಲೆ ಕವುಚಿಟ್ಟ ಬೇರೆ ಲೋಟವನ್ನು ನೋಡುತ್ತಾರೆ. ಮನೆಗೆ ಬಂದ ಗೆಳತಿಯನ್ನು ಅಜ್ಜಿ "ನೀವು ಯಾವ ಜನ?" ಎಂದು ಕೇಳುವುದನ್ನು ಕೇಳಿಸಿಕೊಳ್ಳುತ್ತಾರೆ. ಹಲವು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದವಳು ನಾನು. ಹದಿನೇಳರ ವಯಸ್ಸಿಗೆ ನಮ್ಮ ಮುಂದೆ ಬರುವ ಹುಡುಗ ಹುಡುಗಿಯರು ಯಾರ ಪಕ್ಕ ಕೂರಬೇಕು, ಯಾರ ಡಬ್ಬಿಗೆ ಕೈ ಹಾಕಬಾರದು ಎಂಬುದನ್ನು ಕಲಿತೇ ಬಂದಿರುತ್ತಾರೆ. ಅದು ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ನಾವು ಬಾಯಿ ಮುಚ್ಚಿಕೊಂಡರೆ ಮನೆಯ ರೂಢಿಯೇ ಪಾಠ ಹೇಳುತ್ತದೆ.

ಇನ್ನೊಂದು ಮಾತು. ಈ ವಿಷಯ ಮಕ್ಕಳಿಗೆ ಹೇಳಬೇಕೋ ಬೇಡವೋ ಎಂದು ಯೋಚಿಸುವ ಅವಕಾಶ ಎಲ್ಲ ತಾಯಂದಿರಿಗೂ ಇಲ್ಲ. ಶಾಲೆಯಿಂದ ಅಳುತ್ತಾ ಬಂದ ಮಗುವಿಗೆ ದಲಿತ ತಾಯಿ ಹೇಳಲೇಬೇಕಾಗುತ್ತದೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ತಾಯಿಯೂ ಹೇಳಬೇಕಾಗುತ್ತದೆ. ಆಫ್ರಿಕಾ ಮೂಲದ ಸಿದ್ದಿಯರು ಶತಮಾನಗಳಿಂದ ಇದೇ ನೆಲದವರು. ಕೊಂಕಣಿ, ಕನ್ನಡ, ಮರಾಠಿ ಆಡುವವರು. ಆದರೂ ಅವರ ಕೂದಲು, ಬಣ್ಣ ನೋಡಿ "ಯಾವ ದೇಶದವರು?" ಎಂದು ಕೇಳುವವರು ಇಂದಿಗೂ ಇದ್ದಾರೆ. ಸುಮ್ಮನಿರುವ ಸೌಕರ್ಯ ಇರುವುದು ಉಳಿದ ನಮಗೆ. ಆದ್ದರಿಂದ ಬಾಯಿ ಬಿಡಬೇಕಾದ ಹೊಣೆಯೂ ನಮ್ಮದೇ ಹೆಚ್ಚು.

ಹೇಗೆ ಹೇಳುವುದು? ಚಿಕ್ಕ ಮಕ್ಕಳಿಗೆ ಕಥೆಯಾಗಿ ಹೇಳಿ. ಸಾತಾರಾದ ಶಾಲೆಯಲ್ಲಿ ಬಾಲಕ ಭೀಮರಾವ್ ಕೂರುವುದಕ್ಕೆ ಗೋಣಿತಟ್ಟನ್ನು ಮನೆಯಿಂದಲೇ ಒಯ್ಯಬೇಕಿತ್ತು. ನಲ್ಲಿ ಮುಟ್ಟುವಂತಿರಲಿಲ್ಲ, ಜವಾನ ಬಂದು ತಿರುಗಿಸದಿದ್ದರೆ ನೀರೂ ಇಲ್ಲ. ಅದೇ ಹುಡುಗ ದೊಡ್ಡವರಾಗಿ 1927ರಲ್ಲಿ ಮಹಾಡಿನ ಕೆರೆಯ ನೀರನ್ನು ಸಾವಿರಾರು ಜನರೊಂದಿಗೆ ಕುಡಿದರು, ಮುಂದೆ ಸಂವಿಧಾನ ಬರೆಯುವ ಕೆಲಸದ ಮುಂದಾಳಾದರು. ಬಾಯಾರಿಕೆ ಎಂದರೇನೆಂದು ಆರು ವರ್ಷದ ಮಗುವಿಗೂ ಗೊತ್ತು. "ನಿನಗೆ ಹಾಗೆ ಮಾಡಿದ್ದರೆ?" ಎಂದು ಕೇಳಿದರೆ ಸಾಕು.

ಬಣ್ಣದ ವಿಷಯವೂ ಹಾಗೆಯೇ. 1975ರಿಂದ ಮಾರಾಟವಾಗುತ್ತಿದ್ದ ಫೇರ್ ಅಂಡ್ ಲವ್ಲಿ ಎಂಬ ಮುಲಾಮು 2020ರಲ್ಲಿ ಹೆಸರು ಬದಲಿಸಿಕೊಂಡಿತು. ಹೆಸರಿನಿಂದ 'ಫೇರ್' ಹೋಯಿತು, ನಮ್ಮ ಮನಸ್ಸಿನಿಂದ ಹೋಗಿಲ್ಲ. ಮಗಳಿಗೆ ಕಡಲೆಹಿಟ್ಟು, ಅರಿಶಿನ ಹಚ್ಚುತ್ತಾ "ಬೆಳ್ಳಗಾಗ್ತೀಯ" ಎನ್ನುವುದನ್ನು ಇಂದೇ ನಿಲ್ಲಿಸಿ. ಮಗನ ಮುಂದೆ "ಬೆಳ್ಳನೆಯ ಸೊಸೆ ತರೋಣ" ಎಂಬ ತಮಾಷೆಯನ್ನೂ ನಿಲ್ಲಿಸಿ.

ಅವಮಾನ ಉಂಡು ಬಂದ ಮಗುವಿಗೆ ದಯವಿಟ್ಟು "ಹೊಂದಿಕೊಂಡು ಹೋಗು" ಎನ್ನಬೇಡಿ. ಗಂಡನ ಮನೆಯಲ್ಲಿ ಹೊಡೆತ ತಿಂದು ಬಂದ ಹೆಣ್ಣುಮಗಳಿಗೆ ತವರಿನವರು ಹೇಳುವ ಮಾತೂ ಅದೇ ಅಲ್ಲವೇ? ಬೆಂಚಿನ ಮೇಲೆ ಕಲಿತ ಸಹನೆ ಅಡುಗೆಮನೆಯವರೆಗೂ ಬರುತ್ತದೆ. ಮೊದಲು ಮಗುವನ್ನು ನಂಬಿ, ಪೂರ್ತಿ ಕೇಳಿ, ತಪ್ಪು ನಿನ್ನದಲ್ಲ ಎಂದು ಬಾಯಿ ಬಿಟ್ಟು ಹೇಳಿ. ನಂತರ ಸಂಘದ ಇಬ್ಬರನ್ನು ಜೊತೆಗೆ ಕರೆದುಕೊಂಡು ಮುಖ್ಯೋಪಾಧ್ಯಾಯರನ್ನು ಕಾಣಿ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದುಮಾಡಿದೆ. 1989ರ ದೌರ್ಜನ್ಯ ತಡೆ ಕಾಯ್ದೆಯ ದೂರಿಗೆ 14566, ಮಕ್ಕಳ ತೊಂದರೆಗೆ 1098 ಸಹಾಯವಾಣಿಗಳಿವೆ.

ಅವಮಾನ ಮಾಡಿ ಬಂದವನು ನಿಮ್ಮ ಮಗನೇ ಆಗಿದ್ದರೆ? ಹೊಡೆಯಬೇಡಿ, ಮುಚ್ಚಿಡಲೂ ಬೇಡಿ. ಆ ಮಾತನ್ನು ಎಲ್ಲಿ ಕಲಿತೆ ಎಂದು ಕೇಳಿ. ಉತ್ತರ ನಮ್ಮ ಜಗಲಿಯ ಕಡೆಗೇ ಬೆರಳು ತೋರಿಸಿದರೆ ಕೇಳಿಸಿಕೊಳ್ಳುವ ಧೈರ್ಯ ಇರಲಿ.

ಇಂಥ ಮಾತಿನಿಂದ ಮಕ್ಕಳಲ್ಲಿ ಭೇದ ಹುಟ್ಟುತ್ತದೆ ಎನ್ನುವವರಿಗೆ ನನ್ನ ಉತ್ತರ ಇಷ್ಟೇ: ದಾರಿಯಲ್ಲಿ ಮುಳ್ಳಿದೆ ಎಂದು ಹೇಳಿದವಳು ಮುಳ್ಳು ಹಾಕಿದವಳಲ್ಲ.

ಕೊನೆಗೆ ನಮ್ಮ ಸಂಘಗಳ ಮಾತು. ಉಳಿತಾಯದ ಪುಸ್ತಕದಲ್ಲಿ ಎಲ್ಲರ ಹೆಸರೂ ಒಂದೇ ಸಾಲಿನಲ್ಲಿದೆ. ಆದರೆ ವಾರದ ಸಭೆ ಯಾರ ಯಾರ ಮನೆಯಲ್ಲಿ ನಡೆಯುತ್ತದೆ? ಯಾರ ಮನೆಯ ಚಹಾವನ್ನು "ಈಗಷ್ಟೇ ಕುಡಿದೆ" ಎಂದು ಬಿಟ್ಟು ಬರುತ್ತೇವೆ? ಮುಂದಿನ ಸಭೆಯನ್ನು ಇದುವರೆಗೆ ಕಾಲಿಡದ ಕೇರಿಯಲ್ಲಿ ನಡೆಸೋಣ. ಮಕ್ಕಳನ್ನೂ ಕರೆದುಕೊಂಡು ಹೋಗೋಣ. ಅಮ್ಮ ಆ ಲೋಟವನ್ನು ತುಟಿಗಿಟ್ಟು ಕುಡಿಯುವುದನ್ನು ಅವರು ನೋಡಲಿ.