ಉರಿ ಇಲ್ಲವೆಂದರೆ ಗಾಯ ಸಣ್ಣದಲ್ಲ

ಹುಬ್ಬಳ್ಳಿಯ ಉಣಕಲ್‌ನಲ್ಲಿ 2024ರ ಡಿಸೆಂಬರ್‌ನಲ್ಲಿ ಸಿಲಿಂಡರ್‌ನಿಂದ ಸೋರಿದ ಗ್ಯಾಸಿಗೆ ಬೆಂಕಿ ತಗುಲಿ ಒಂಬತ್ತು ಮಂದಿ ಅಯ್ಯಪ್ಪ ಮಾಲಾಧಾರಿಗಳು ಸುಟ್ಟುಕೊಂಡರು. ಸ್ಥಳದಲ್ಲಿ ಯಾರೂ ಸಾಯಲಿಲ್ಲ. ಆಸ್ಪತ್ರೆ ಸೇರಿದ ಮೇಲೆ, ದಿನಗಳ ಅಂತರದಲ್ಲಿ, ಒಬ್ಬರ ಹಿಂದೊಬ್ಬರಂತೆ ಎಂಟು ಮಂದಿ ತೀರಿಕೊಂಡರು. ಇಂಥ ಸುದ್ದಿ ಬಂದಾಗಲೆಲ್ಲ ಬಸ್‌ಸ್ಟಾಂಡಿನಲ್ಲಿ ಕೇಳಿಬರುವುದು ಒಂದೇ ಪ್ರಶ್ನೆ: ‘ಮಾತಾಡ್ತಾ ಇದ್ದೋನು ಹ್ಯಾಗ್ರೀ ಸತ್ತ?’

ಡಾಕ್ಟರು ಸುಟ್ಟ ಗಾಯವನ್ನು ಅಳೆಯುವುದು ಎರಡು ರೀತಿಯಲ್ಲಿ. ಎಷ್ಟು ಆಳ, ಎಷ್ಟು ಅಗಲ. ನಮ್ಮ ಜನರ ಅಳತೆ ಒಂದೇ, ಎಷ್ಟು ಚೀರಾಡಿದ ಅನ್ನೋದು. ಎಡವಟ್ಟಾಗುವುದು ಇಲ್ಲೇ.

ಚರ್ಮ ಕೆಂಪಾಗಿ ಉರಿದು, ಬೊಬ್ಬೆ ಏಳದಿದ್ದರೆ ಮೊದಲ ದರ್ಜೆ. ಅದು ತಾನಾಗಿ ಮಾಯುತ್ತದೆ. ಬೋಂಡಾ ಎಣ್ಣೆ ಸಿಡಿದು, ಬೊಬ್ಬೆಯಲ್ಲಿ ನೀರು ತುಂಬಿ, ಮುಟ್ಟಿದರೆ ಜೀವ ಹೋದಂತಾದರೆ ಎರಡನೇ ದರ್ಜೆ. ಮೋಸ ಮಾಡುವುದು ಮೂರನೆಯದು. ಚರ್ಮ ಬಿಳಿಚಿಕೊಂಡು ಇಲ್ಲವೇ ಕರಕಲಾಗಿ, ಒಣ ತೊಗಲಿನಂತೆ ಬಿರುಸಾಗುತ್ತದೆ. ನೋವು ತಿಳಿಸುವ ನರಗಳೇ ಸುಟ್ಟಿರುವುದರಿಂದ ಚುಚ್ಚಿದರೂ ಗೊತ್ತಾಗದು. ‘ಉರೀನೇ ಇಲ್ಲ, ನಾಳೆ ನೋಡೋಣ ಬಿಡಿ’ ಅನ್ನಿಸುವ ಗಾಯ ಇದೇ! ಕಪ್ಪು ಮೈಯಲ್ಲಿ ಕೆಂಪು ಸರಿಯಾಗಿ ಕಾಣುವುದೂ ಇಲ್ಲ. ಬೆರಳಿಂದ ಒತ್ತಿ ಬಿಟ್ಟಾಗ ಬಣ್ಣ ಬದಲಾಗದಿದ್ದರೆ ಗಾಯ ಆಳವಾಗಿದೆ ಎಂದೇ ತಿಳಿಯಬೇಕು.

ಅಗಲದ ಲೆಕ್ಕ ಅಂಗಡಿಯವರಿಗೆ ಸಲೀಸು. ದೊಡ್ಡವರಲ್ಲಿ ತಲೆ ಮತ್ತು ಮುಖ ಸೇರಿ ಶೇ. 9, ಒಂದೊಂದು ತೋಳು 9, ಒಂದೊಂದು ಕಾಲು 18, ಎದೆ ಹೊಟ್ಟೆ 18, ಬೆನ್ನು 18. ಚಿಲ್ಲರೆ ಲೆಕ್ಕಕ್ಕೆ ಗಾಯಾಳುವಿನದೇ ಅಂಗೈ, ಬೆರಳು ಸೇರಿ, ಶೇ. 1. ಬರೀ ಕೆಂಪಾದ ಜಾಗ ಲೆಕ್ಕಕ್ಕಿಲ್ಲ. ದೊಡ್ಡವರಲ್ಲಿ ಶೇ. 15, ಮಕ್ಕಳಲ್ಲಿ ಶೇ. 10 ದಾಟಿದರೆ ಸಲೈನ್ ಏರಿಸಲೇಬೇಕು. ಮಾತಾಡುತ್ತಿದ್ದವನ ಮೈಯಿಂದ ಆಗಲೇ ರಕ್ತದ ನೀರಿನಂಶ ಸೋರುತ್ತಿರುತ್ತದೆ. ಆ ಗಂಡಾಂತರ ಕಳೆದರೂ ಆಮೇಲೆ ಗಾಯಕ್ಕೆ ನಂಜೇರುವ ಭಯ.

ಮೂಗಿನ ಕೂದಲು ಸುಟ್ಟಿದ್ದರೆ, ದನಿ ಒಡೆದಿದ್ದರೆ ಶೇಕಡಾ ಲೆಕ್ಕ ಹಾಕುತ್ತಾ ಕೂರುವಂತಿಲ್ಲ, ಶ್ವಾಸನಾಳವೇ ಊದಿಕೊಳ್ಳಬಹುದು. ಕರೆಂಟ್ ಹೊಡೆದವರದೂ ಅಷ್ಟೇ. ಮೇಲೆ ಕಾಸಿನಗಲ ಗಾಯ, ಒಳಗೆ ಮಾಂಸವೇ ಬೆಂದಿರುತ್ತದೆ.

ಹೋಟೆಲುಗಳಲ್ಲಿ ದರಪಟ್ಟಿ ತೂಗುವ ಮಾಲೀಕರು ಅಡುಗೆಮನೆ ಗೋಡೆಗೆ ಈ ಲೆಕ್ಕವನ್ನೂ ಅಂಟಿಸಿದರೆ ಖರ್ಚೇನೂ ಬಾರದು. ಈಗ ಅಲ್ಲಿ ಸಿಗುವುದು ಪೇಸ್ಟು, ಅರಿಶಿನ. ಅದನ್ನು ಬಳಿದುಕೊಂಡು ಹೋದರೆ ಗಾಯದ ಆಳ ನೋಡಲು ಡಾಕ್ಟರು ಮೊದಲು ಅದನ್ನೇ ತೊಳೆಯಬೇಕು. ಬೇಕಾದ್ದು 20 ನಿಮಿಷ ನಲ್ಲಿ ನೀರು, ಐಸ್ ಬೇಡ. ಊತ ಬರುವ ಮುಂಚೆ ಬಳೆ, ಉಂಗುರ ತೆಗೆದು, 108ಕ್ಕೆ ಫೋನ್ ಮಾಡುವುದು.